ನಾಲ್ಕನೆಯ ಕೈ

ಬೇಸ್‌ಬಾಲ್ ಎಂಬ ಆಟವನ್ನು ಹಾನಗಲ್ಲಿನಲ್ಲಿ ಕಣ್ಣಾರೆ ಕಂಡವರು ಯಾರೂ ಇಲ್ಲ. ಆದರೂ ಪೈಪು-ಪಂಪಿನ ಅಂಗಡಿಯ ಪ್ರಶಾಂತ ಆ ಆಟದ ಒಂದು ತಂಡಕ್ಕೆ ಮಾಲಕ. ತಂಡ ಇರುವುದು ಫೋನಿನೊಳಗೆ. ಅವನೂ ಸೇರಿ ಕಾಲೇಜಿನ ಗೆಳೆಯರು ನಾಲ್ವರು, ತಾಲೂಕಿಗೊಂದು ತಂಡ: ಹಾನಗಲ್ಲಿಗೆ ಪ್ರಶಾಂತ, ಸವಣೂರಿಗೆ ವಕೀಲ ಸುಯಮೀಂದ್ರ, ಶಿಗ್ಗಾಂವಿಗೆ ಮೊಬೈಲ್ ಅಂಗಡಿಯ ರೆಹಾನ, ಹಿರೇಕೆರೂರಿಗೆ ಬೀಜದ ವ್ಯಾಪಾರಿ ಚನ್ನವೀರಪ್ಪ. ಯಾರು ಆಡಬೇಕೆಂದು ಮಾಲಕ ಆರಿಸಿಕೊಟ್ಟರೆ ಸಾಕು, ಆಟವನ್ನು ಫೋನೇ ಆಡಿ ಮುಗಿಸುತ್ತದೆ. ಕೂತಲ್ಲೇ ಬೆವರು ಒರೆಸಿಕೊಳ್ಳುವ ಗಂಡಸರಿಗೆ ಹೇಳಿ ಮಾಡಿಸಿದ ಆಟ.

ಆ ಆರಿಸುವ ಕೆಲಸವನ್ನೂ ಪ್ರಶಾಂತ ಮಾಡುತ್ತಿರಲಿಲ್ಲ. ಮಾಡುತ್ತಿದ್ದವಳು ಹೆಂಡತಿ ನೀಲಾಂಬಿಕಾ. ಗಣಿತದಲ್ಲಿ ಎಂ.ಎಸ್ಸಿ. ಮಾಡಿ, ಸೊಸೆಗೆ ನೌಕರಿ ಬೇಡವೆಂದು ಹಿರಿಯರು ಅಂದದ್ದಕ್ಕೆ ಮನೆಯಲ್ಲೇ ಟ್ಯೂಷನ್ ಹೇಳುವವಳು. ಒಂದು ಭಾನುವಾರ ಗಂಡ ಬೇಸತ್ತು, "ನೀನರ ನೋಡು" ಎಂದು ಫೋನು ಕೊಟ್ಟ. ಅಂದಿನಿಂದ ತಂಡ ಅವಳದಾಯಿತು. ಚೆಂಡು ಎಸೆಯುವವನಿಗೆ ಫಕ್ಕೀರೇಶ ಎಂದು ಹೆಸರಿಟ್ಟಳು. ಅವನ ತೋಳು ದಣಿದರೆ ವಿಶ್ರಾಂತಿ ಕೊಟ್ಟಳು. ಆ ಮನೆಯಲ್ಲಿ ಅವಳ ಮಾತು ನಡೆಯುವ ಜಾಗ ಅದೊಂದೇ. ಎರಡು ವರ್ಷ ಹಾನಗಲ್ಲೇ ಗೆದ್ದಿತು. ಶಾಭಾಸಗಿರಿ ಪ್ರಶಾಂತನಿಗೆ. ಅದಕ್ಕೆ ಅವಳ ತಕರಾರೂ ಇರಲಿಲ್ಲ.

ವರ್ಷಕ್ಕೊಮ್ಮೆ ನಾಲ್ವರೂ ಒಬ್ಬರ ಮನೆಯಲ್ಲಿ ಸೇರಿ ನಿಯಮ ತಿದ್ದುವರು. ನಾಲ್ಕೂ ಕೈ ಎದ್ದರಷ್ಟೇ ತಿದ್ದುಪಡಿ ಪಾಸು; ಒಂದು ಕೈ ಕೆಳಗಿದ್ದರೂ ಬಿದ್ದುಹೋಯಿತು. ತೀರ್ಮಾನ ಆಗುವತನಕ ಯಾರೂ ಊಟಕ್ಕೆ ಏಳುವಂತಿಲ್ಲ. ಈ ಸಲ ಸಭೆ ಹಾನಗಲ್ಲಿನಲ್ಲಿ. ರೊಟ್ಟಿ, ಎಣ್ಣೆಗಾಯಿ, ಹೋಳಿಗೆ ಮಾಡಿಟ್ಟು ನೀಲಾಂಬಿಕಾ ಮಜ್ಜಿಗೆ ತಂದಳು.

"ಅಲ್ಲೋ ಪ್ರಶಾಂತ, ಫೈನಲ್‌ನ್ಯಾಗ ಫಕ್ಕೀರೇಶನ್ನ ಹೊರಗ ಯಾಕ ಕೂಡಿಸಿದಿ?" ಎಂದು ರೆಹಾನ ಕೇಳುತ್ತಿದ್ದ. ಪ್ರಶಾಂತ ಕೆಮ್ಮಿದ.

"ಹಿಂದಿನ ಮ್ಯಾಚಿನ್ಯಾಗ ಭಾಳ ಎಸೆದಿದ್ನಲ್ರಿ," ಎಂದಳು ನೀಲಾಂಬಿಕಾ, ಲೋಟ ಇಡುತ್ತ. "ಸವಣೂರವ್ರು ಎಡಗೈ ಚೆಂಡು ಹೊಡ್ಯಾಂಗಿಲ್ಲ. ಅದಕ್ಕ ನಾನ ಎಡಗೈ ಹುಡುಗನ್ನ ಹಾಕಿದೆ."

ಚನ್ನವೀರಪ್ಪ ಬಿದ್ದು ಬಿದ್ದು ನಕ್ಕ. "ಅಂದ್ರ ನಮ್ಮನ್ನ ಸೋಲಿಸಿದವ್ರು ವೈನಿಯವರೇನು!"

ಎರಡು ಸಲವೂ ಫೈನಲ್ ಸೋತ ಸುಯಮೀಂದ್ರನಿಗೆ ನಗು ಬರಲಿಲ್ಲ. "ವೈನಿ, ತಪ್ಪು ತಿಳ್ಕೋಬ್ಯಾಡ್ರಿ, ನಿಮ್ಮ ಮ್ಯಾಲ ಭಾಳ ಗೌರವ ಅದ," ಎಂದು ಶುರುಮಾಡಿ ತಿದ್ದುಪಡಿ ಮಂಡಿಸಿದ: ತಂಡವನ್ನು ಮಾಲಕನೇ ಆರಿಸಬೇಕು, ಹೊರಗಿನವರು ಕೈಹಾಕಕೂಡದು.

"ಭಾಭಿನ್ನ ಐದನೇ ಮಾಲಕ ಮಾಡೂಣಲ್ಲ?" ಎಂದ ರೆಹಾನ.

"ತಾಲೂಕಿಗೊಂದ ತಂಡ. ಹಾನಗಲ್ಲಿಗೆ ಎರಡು ಹೆಂಗ ಕೊಡ್ತಿ?" ಎಂದ ಸುಯಮೀಂದ್ರ.

ವಕೀಲನ ಬಾಯಿ! ಗೌರವ ಗೌರವ ಅನ್ನುತ್ತಲೇ ಅವಳನ್ನು ಅವಳ ಮನೆಯಲ್ಲೇ ಹೊರಗಿನವಳನ್ನಾಗಿ ಮಾಡಿದ. ಅವನ ಕೈ ಎದ್ದಿತು. ಚನ್ನವೀರಪ್ಪನಿಗೆ ಹಸಿವು, ಅವನದೂ ಎದ್ದಿತು. ರೆಹಾನ ಒಲ್ಲದ ಮನಸ್ಸಿನಿಂದ ಎತ್ತಿದ. ಉಳಿದದ್ದು ಪ್ರಶಾಂತನದು. ಅದು ಸುಮ್ಮನೆ ತೊಡೆಯ ಮೇಲಿದ್ದರೆ ಸಾಕಿತ್ತು. ನೀಲಾಂಬಿಕಾ ಗಂಡನ ಮುಖ ನೋಡಿದಳು. ಅವನು ಗೆಳೆಯರ ಮುಖ ನೋಡಿದ. ಕೈ ಎತ್ತಿದ, ಉಳಿದವರಿಗಿಂತ ಒಂದು ಗೇಣು ಮೇಲಕ್ಕೇ.

"ಆತು. ಇನ್ನ ತಾಟ ಹಾಕು, ನೀಲಾ."

ಹಾಕಿದಳು. ಹೋಳಿಗೆಯ ಮೇಲೆ ತುಪ್ಪವನ್ನೂ ಬಡಿಸಿದಳು.

ಹೊಸ ಹಂಗಾಮಿನಲ್ಲಿ ಹಾನಗಲ್ಲು ಸೋಲತೊಡಗಿತು. ಪ್ರಶಾಂತ ಪ್ರತಿ ಪಂದ್ಯಕ್ಕೂ ಫಕ್ಕೀರೇಶನನ್ನೇ ಇಳಿಸುತ್ತಿದ್ದ. ಒಂದು ಭಾನುವಾರ ಅವನು ತಂಡದ ಪುಟ ತೆರೆದೇ ಫೋನನ್ನು ಅಡುಗೆಕಟ್ಟೆಯ ಮೇಲಿಟ್ಟು, ಮಾತಿಲ್ಲದೆ ಜಳಕಕ್ಕೆ ಹೋದ. ಮುಟ್ಟಬಾರದು ಎಂದು ನೀಲಾಂಬಿಕಾ ಅಂದುಕೊಂಡಳು. ಆದರೆ ದಣಿದ ಫಕ್ಕೀರೇಶನ ಹೆಸರು ಕೆಂಪಾಗಿತ್ತು. ಹಿಟ್ಟಿನ ಕೈ ಒರೆಸಿಕೊಂಡು ಅವನನ್ನು ಹೊರಗೆ ಕೂಡಿಸಿ, ತಂಡ ಸರಿಮಾಡಿದಳು. ಪ್ರಶಾಂತ ತಲೆ ಒರೆಸುತ್ತ ಬಂದು, ಏನೂ ಕೇಳದೆ ಫೋನು ಎತ್ತಿಕೊಂಡು ಹೋದ. ಮುಂದಿನ ಭಾನುವಾರವೂ ಫೋನು ಕಟ್ಟೆಯ ಮೇಲಿತ್ತು. ಅದರ ಮುಂದಿನ ಭಾನುವಾರವೂ.

ವರ್ಷದ ಸಭೆ ಸವಣೂರಿನಲ್ಲಾಯಿತು. ಪ್ರಶಾಂತ ಹೊಳೆಯುವ ಕಪ್ ಹಿಡಿದುಕೊಂಡು ಮನೆಗೆ ಬಂದ.

"ಸುಯಮೀಂದ್ರ ಎದ್ದು ನಿಂತು ಹೇಳಿದ ನೀಲಾ, ಇದು ಖರೇ ಗೆಲುವು, ಇದರಾಗ ಹೊರಗಿನವರ ಕೈ ಇಲ್ಲ ಅಂತ. ನನ್ನ ಕಡಿಂದನೂ ಆಗ್ತೈತಿ ಅಂತ ಈಗರ ಗೊತ್ತಾತಲ್ಲ ಎಲ್ಲಾರಿಗೂ!"

ಅಣಕಿಸುತ್ತಿದ್ದಾನೇನೋ ಎಂದು ಅವನ ಮುಖ ನೋಡಿದಳು. ಇಲ್ಲ. ಒಂದಿಷ್ಟು ಅಳುಕಾದರೂ ಇದೆಯೇ ಎಂದು ಹುಡುಕಿದಳು. ಅದೂ ಇರಲಿಲ್ಲ. ಅವನು ನಂಬಿಬಿಟ್ಟಿದ್ದ.