ಕುಡಚಿ ಸ್ಟೇಶನ್ನಿನಲ್ಲಿ ಹಾರದ ಗುಂಡು

ಆ ರೈಫಲ್ ಕೆಟ್ಟಿರಲಿಲ್ಲ. ಅದನ್ನು ಕೆಡಿಸಿದವನು ನಾನು—ಎಲ್ಲ ಮುಗಿದ ಮೇಲೆ, ನನ್ನ ಜೊತೆಗಾರನ ರಕ್ತ ಇನ್ನೂ ಹರಿಯುತ್ತಿರುವಾಗ.

ನನ್ನ ಹೆಸರು ಭೂಪಾಲ. ಉಗಾರ ಬುದ್ರುಕದವನು, ನಿವೃತ್ತ ಪೊಲೀಸ್ ಪೇದೆ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾದರೂ ನಮ್ಮ ಹೆಗಲ ಮೇಲಿದ್ದದ್ದು ಥ್ರೀ ನಾಟ್ ಥ್ರೀ ರೈಫಲ್, ಬ್ರಿಟಿಷರ ಕಾಲದ ಯುದ್ಧಕ್ಕೆಂದು ಮಾಡಿದ್ದು. ನನ್ನದರ ಮರದ ಹಿಡಿಕೆ ಸೀಳಿತ್ತು, ತಂತಿ ಸುತ್ತಿದ್ದರು. ಬಸ್ಸಿನಲ್ಲಿ ಜನ ಚೇಷ್ಟೆ ಮಾಡುತ್ತಿದ್ದರು: "ಸಾಹೇಬ್ರ, ಇದು ಹಾರತೈತೋ, ಬರೇ ಊರಿಕೊಂಡು ನಡ್ಯಾಕ ಐತೋ?" ನಾವೂ ನಗುತ್ತಿದ್ದೆವು.

ಅಂದು ಅಥಣಿಯ ಕೋರ್ಟಿನಿಂದ ಬಾಳು ಎಂಬ ವಿಚಾರಣಾ ಕೈದಿಯನ್ನು ಬೆಳಗಾವಿಯ ಜೈಲಿಗೆ ಒಯ್ಯಬೇಕಿತ್ತು. ಹೊಲದ ಬದುವಿನ ಜಗಳದಲ್ಲಿ ಒಬ್ಬನನ್ನು ಕೊಂದ ಆರೋಪ ಅವನ ಮೇಲಿತ್ತು. ಕುಡಚಿಯಲ್ಲಿ ರೈಲು ತಡವಿತ್ತು. ಜನರಿಂದ ದೂರ, ಪ್ಲಾಟ್‌ಫಾರ್ಮಿನ ಕೊನೆಯ ಬೇವಿನ ಮರದ ಕೆಳಗೆ ಕುಳಿತೆವು. ಕೈಕೋಳದ ಒಂದು ಬಳೆ ಬಾಳುವಿನ ಕೈಗೆ, ಇನ್ನೊಂದು ನನ್ನ ಜೊತೆಗಾರ ಭೀಮಶಿಯ ಎಡಗೈಗೆ. ರೈಫಲ್ ನನ್ನ ಬಳಿ.

ಹಳಿ ದಾಟಿ ಇಬ್ಬರು ಬಂದರು. ಕೊಲೆಯಾದವನ ತಮ್ಮಂದಿರು. ಕೈಯಲ್ಲಿ ಕಬ್ಬು ಕಡಿಯುವ ಕೊಯ್ತಾ.

ಮೊದಲ ಏಟು ಬಾಳುವಿನ ಕುತ್ತಿಗೆಗೆ ಬಿತ್ತು. ಅವನು ಉರುಳಿದಾಗ ಕೈಕೋಳದ ಸೆಳೆತಕ್ಕೆ ಭೀಮಶಿಯೂ ಉರುಳಿದ. ಎರಡನೆಯ ಏಟು ಭೀಮಶಿಯ ಮುಂಗೈಗೆ—ಎಲುಬು ಸೀಳಿದ ಸದ್ದು ಕೇಳಿತು.

"ಭೂಪಾಲ್ಯಾ, ಹೊಡಿಲೇ! ಗುಂಡ ಹೊಡಿ!"

ಬೋಲ್ಟ್ ಎಳೆದು ಮುಂದೆ ತಳ್ಳಿದೆ. ಗುಂಡು ಸರಾಗವಾಗಿ ಹೋಗಿ ಕೂತಿತು. ಗುರಿ ಹಿಡಿದೆ. ಅವರ ಹಿಂದೆ ಜನರಿದ್ದರು, ಅದಕ್ಕೇ ಹೊಡೆಯಲಿಲ್ಲ ಎನ್ನಬಹುದಿತ್ತು—ಇದ್ದದ್ದು ಬರೀ ಕಬ್ಬಿನ ಗದ್ದೆ. ಜೈನರ ಮನೆಯವನು, ಕೈ ಏಳಲಿಲ್ಲ ಎನ್ನಬಹುದಿತ್ತು—ಅದೂ ಸುಳ್ಳು. ಕೈ ಎದ್ದಿತ್ತು. ಬೆರಳು ಟ್ರಿಗರ್ ಮೇಲಿತ್ತು.

ಆ ಇಬ್ಬರಲ್ಲಿ ದೊಡ್ಡವನು ನನ್ನ ಕಡೆ ತಿರುಗಿದ. ಮುಖಕ್ಕೆಲ್ಲ ರಕ್ತ ಸಿಡಿದಿತ್ತು. ದನಿ ಮಾತ್ರ ಮೆತ್ತಗಿತ್ತು. "ನೀ ದೂರ ಸರಿ. ನಿನ್ನ ಜೋಡಿ ನಮ್ಮದೇನೂ ಇಲ್ಲ."

ನಾನು ಸರಿದೆ.

ಹೌದು—ತುಂಬಿದ ಬಂದೂಕು ಹಿಡಿದುಕೊಂಡು, ದಾರಿ ಬಿಡುವವನಂತೆ ಸರಿದು ನಿಂತೆ. ಅವರು ಬಾಳುವನ್ನು ಕಡಿದರು. ಅವನು ಕೂಗುವುದನ್ನು ನಿಲ್ಲಿಸಿದ ಮೇಲೂ ಕಡಿದರು. ಆಮೇಲೆ ಕಬ್ಬಿನೊಳಗೆ ಹೋದರು.

ಭೀಮಶಿಗೆ ಆಗಲೇ ಎಚ್ಚರ ತಪ್ಪಿತ್ತು. ಅವನ ಮುಂಗೈ ಚರ್ಮದಲ್ಲಿ ಜೋತಾಡುತ್ತಿತ್ತು. ನನ್ನ ಹೆಗಲ ಮೇಲೆ ಟವೆಲ್ ಇತ್ತು, ಬಿಗಿಯಾಗಿ ಕಟ್ಟಬಹುದಿತ್ತು—ನಾನು ಕೂತದ್ದು ರೈಫಲ್ಲಿನ ಮುಂದೆ. ಆ ಹಳೆಯ ಗುಂಡುಗಳಿಗೆ ಬುಡದಲ್ಲಿ ಅಗಲವಾದ ಅಂಚು ಇರುತ್ತದೆ. ಒಂದರ ಅಂಚು ಇನ್ನೊಂದರ ಹಿಂದೆ ಸಿಕ್ಕಿಕೊಂಡರೆ ಬೋಲ್ಟ್ ಮುಂದೆ ಹೋಗುವುದಿಲ್ಲ. ಗುಂಡು ಹೊರತೆಗೆದು, ಬೇಕೆಂದೇ ತಪ್ಪಾಗಿ ತುಂಬಿ, ಬೋಲ್ಟನ್ನು ಒತ್ತಿ ಸಿಕ್ಕಿಸಿದೆ. ಮೊದಲ ಸಲ ಸಿಕ್ಕಲಿಲ್ಲ, ಎರಡು ಸಲ ಮಾಡಬೇಕಾಯಿತು. ಟವೆಲ್ ಕಟ್ಟಿದ್ದು ಆಮೇಲೆ.

ಮಿರಜದ ದವಾಖಾನೆಯಲ್ಲಿ ಭೀಮಶಿಯ ಕೈ ತೆಗೆದರು. ಹಾಸಿಗೆಯಲ್ಲಿ ಮಲಗಿಯೇ ಅವನು ನನ್ನ ಪರವಾಗಿ ಹೇಳಿಕೆ ಕೊಟ್ಟ: "ಭೂಪಾಲ ಬೋಲ್ಟ್ ಎಳದದ್ದು ನಾ ಕೇಳೇನ್ರಿ. ಬಂದೂಕು ಕೈ ಕೊಟ್ಟಿತ್ರಿ."

ಗುಂಡು ಸಿಕ್ಕಿಕೊಂಡಿತೆಂದು ನಾನೂ ಬರೆದುಕೊಟ್ಟೆ. ವಿಚಾರಣೆಯ ಕೋಣೆಯಲ್ಲಿ ಅಧಿಕಾರಿ ಆ ರೈಫಲ್ ಎತ್ತಿ ನೋಡಿ ಮೇಜಿನ ಮೇಲೆ ಕುಕ್ಕಿದರು. ಅಷ್ಟು ಹಳೆಯದರ ಮೇಲೆ ಯಾವ ತಪ್ಪು ಹೊರಿಸಿದರೂ ನಂಬುವಂತಿತ್ತು. ನನ್ನ ಪಕ್ಕದಲ್ಲಿ ನಿಂತಿದ್ದವರು ಹವಾಲ್ದಾರ ಇಮಾಮಸಾಬ, ನಮ್ಮ ಬಂದೂಕುಗಳನ್ನು ನೋಡಿಕೊಳ್ಳುತ್ತಿದ್ದವರು. "ಸಾಹೇಬ್ರ, ಇದು ಚೊಲೋ ಐತ್ರಿ. ಹೋದ ಗುರಿ ಅಭ್ಯಾಸದಾಗ ನಾನಽ ಹೊಡದು ನೋಡೇನ್ರಿ," ಎಂದರು. ಅಧಿಕಾರಿ ತಲೆ ಎತ್ತಲಿಲ್ಲ. ಕೆಟ್ಟ ಬಂದೂಕು ಕೊಟ್ಟರೆಂದು ಇಮಾಮಸಾಬರನ್ನು ಅಮಾನತು ಮಾಡಿದರು. ಆಮೇಲೆ ಅವರ ಕೈಗೆ ಯಾರೂ ಬಂದೂಕು ಕೊಡಲಿಲ್ಲ. ನಮಗೆ ಹೊಸ ರೈಫಲ್‌ಗಳು ಬಂದವು. ಜೊತೆಯವರು ನನ್ನ ಬೆನ್ನು ತಟ್ಟಿದರು.

ಭೀಮಶಿ ತನ್ನ ಮಗಳ ಮದುವೆಯಲ್ಲಿ ಬೀಗರಿಗೆ ನನ್ನನ್ನು ತೋರಿಸಿ, "ನನ್ನ ಜೀವ ಉಳಿಸಿದಾಂವ ಇವನಽ," ಎಂದ. ನಾನು ಊಟ ಮಾಡಿ ಬಂದೆ. ಊಟವನ್ನೂ ಮಾಡಿ—

ಹೋದ ತಿಂಗಳು ಚಿಕ್ಕೋಡಿಯ ಅವನ ಮನೆಗೆ ಹೋಗಿ ಎಲ್ಲ ಹೇಳಿದೆ. ಸರಿದು ನಿಂತದ್ದನ್ನು ಕೇಳುವಾಗ ಅವನು ನೆಲ ನೋಡುತ್ತಿದ್ದ. ಗುಂಡು ಸಿಕ್ಕಿಸಿದ್ದನ್ನು ಹೇಳಿದಾಗ ಮುಖ ಎತ್ತಿದ.

"ಮೊದಲ ಬಂದೂಕು, ಆಮ್ಯಾಲ ನಾನು?"

"ಹೂಂ," ಎಂದೆ.

ಅವನು ಕೇಳಿದ: "ಇಮಾಮಸಾಬನ ಮನಿಗೆ ಹೋಗಿದ್ದೇನು?"

"ಇಲ್ಲ."

"ನಡಿ."

ಒಂದೇ ಕೈಯಲ್ಲಿ ಚಪ್ಪಲಿ ಸರಿಮಾಡಿಕೊಂಡು ನನ್ನ ಗಾಡಿಯ ಹಿಂದೆ ಕೂತ. ಇಮಾಮಸಾಬರ ಮನೆ ಕುಡಚಿಯಲ್ಲಿತ್ತು. ಅಲ್ಲಿಯವರೆಗೂ ಹಿಡಿದುಕೊಳ್ಳಲು ನನ್ನ ಹೆಗಲು ಮುಟ್ಟಲಿಲ್ಲ.

ಇಮಾಮಸಾಬ ತೀರಿಹೋಗಿ ವರ್ಷಗಳಾಗಿದ್ದವು. ಅವರ ಹೆಂಡತಿ ಬಾಗಿಲು ತೆರೆದರು. ಭೀಮಶಿ ಹಿಂದೆಯೇ ನಿಂತ. ನಾನು ನಿಂತಲ್ಲೇ ಎಲ್ಲವನ್ನೂ ಹೇಳಿ, ಕಡೆಗೆ, "ಅವರು ರೈಫಲ್ ಚೊಲೋ ಇಟ್ಟಿದ್ರು, ಅಮ್ಮಾ. ಸುಳ್ಳು ನಂದು," ಎಂದೆ.

ಆಕೆ ಸೆರಗು ಸರಿಪಡಿಸಿಕೊಂಡರು. "ಸಾಯೂತನಕ ಅವರೂ ಅದನ್ನಽ ಅಂತಿದ್ರಪ್ಪಾ. ಯಾರೂ ಕೇಳಲಿಲ್ಲ."

ನಾನು ಕೇಳಿದ್ದೆ. ಆ ಕೋಣೆಯಲ್ಲಿ, ಅವರ ಪಕ್ಕದಲ್ಲೇ ನಿಂತು, ಪ್ರತಿಯೊಂದು ಮಾತನ್ನೂ ಕೇಳಿದ್ದೆ.