ಮಡಿಯಲ್ಲಿ ಹೊಡೆದ ಡಿ.ಡಿ.ಟಿ.

ಐವತ್ತರ ದಶಕದಲ್ಲಿ ಕುಣಿಗಲ್ಲಿನ ನಮ್ಮ ಬೀದಿಗೆ ಸೊಳ್ಳೆ ಸಂಹಾರಾರ್ಥವಾಗಿ ಡಿ.ಡಿ.ಟಿ. ಪಂಪು ಹೊತ್ತ ಸರ್ಕಾರಿ ನೌಕರನೊಬ್ಬ ಬಂದ. ದೇವರ ಮನೆಯ ಹೊಸ್ತಿಲಲ್ಲಿ ನಮ್ಮಜ್ಜಿ ಅಡ್ಡ ನಿಂತರು.

"ಮೈಲಿಗೇಲಿ ಒಳಗ್ ಬರ್ಬೇಡ ಕಣಪ್ಪ."

"ಒಂದ್ ಕೋಣೆ ಬಿಟ್ರೂ ಸಾಹೇಬ್ರು ನನ್ ಕೆಲ್ಸ ಕಿತ್ಕೋತಾರೆ ಕಣಜ್ಜಿ!"

"ಹಂಗಾದ್ರೆ ಬಾವಿ ಹತ್ರ ಹೋಗಿ ನಾಲ್ಕ್ ಕೊಡ ಸುರ್ಕೊಂಡ್ ಬಾ."

ಆತ ತಣ್ಣೀರು ಸುರಿದುಕೊಂಡು, ತಾತನ ಒದ್ದೆ ಪಂಚೆಯುಟ್ಟು, ಶಾಸ್ತ್ರೋಕ್ತವಾಗಿ ಔಷಧಿ ಹೊಡೆದ. ಪಂಪಿಗೂ ಸ್ನಾನವಾಗಿತ್ತು. ಸುದ್ದಿ ತಿಳಿದ ಮೇಲೆ ಬೀದಿಯ ಉಳಿದ ಅಜ್ಜಿಯರು ಮೈಲಿಗೆಯ ಡಿ.ಡಿ.ಟಿ. ಒಪ್ಪಿಯಾರೆ? ಸಂಜೆಯೊಳಗೆ ಆತನಿಗೆ ಒಂಬತ್ತು ಬಾವಿಗಳ ಸ್ನಾನವಾಯಿತು. ಕೆಲಸವೇನೋ ಉಳಿಯಿತು, ಮಾರನೆಯ ದಿನ ಮಾತ್ರ ಚಳಿಜ್ವರವೆಂದು ರಜೆ ಹಾಕಿದ.

"ಪಾಪ, ಸೊಳ್ಳೆ ಕಚ್ಚಿರ್ಬೇಕು" ಎಂದು ಅಜ್ಜಿ ಕಷಾಯ ಕಾಯಿಸಿ ಕಳಿಸಿದರು.