ಕಾಕಾ ಕಟ್ಟಿದ ಹಳದಿ ಗಾಡಿ

ಹೋದ ವಾರ ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ನನ್ನ ಚೀಲದ ಹಿಡಿಕೆ ಕಿತ್ತುಹೋಯಿತು. ಗೇಟಿನ ಹತ್ತಿರ ಕೂತಿದ್ದ ಚಪ್ಪಲಿ ಹೊಲಿಯುವವರ ಮುಂದೆ ಅದನ್ನು ಇಟ್ಟೆ. ಅವರು ಒಂದು ಡಬ್ಬಿಯ ಮುಚ್ಚಳ ತೆಗೆದು ಬೆರಳಿನಿಂದ ಅಂಟಿನ ಸೊಲ್ಯೂಷನ್ ಸವರಿದರು. ಆ ವಾಸನೆ ಬಂದದ್ದೇ ತಡ, ಬಸವಕಲ್ಯಾಣದ ಬಸ್ಸು ಎದುರಿಗೆ ಬಂದು ನಿಂತರೂ ನಾನು ಹತ್ತಲಿಲ್ಲ. ರೆಗ್ಜಿನ್, ಸ್ಪಂಜು, ಅದರ ಮೇಲೆ ಹಚ್ಚಿದ ಸೊಲ್ಯೂಷನ್... ಎದುರುಮನೆಯ ತಗಡಿನ ಚಪ್ಪರದ ಕೆಳಗೆ ಮಧ್ಯಾಹ್ನಗಳೆಲ್ಲ ಅದೇ ವಾಸನೆ ಇರುತ್ತಿತ್ತು.

ಎದುರುಮನೆಯವರನ್ನು ನಾನು ಕಾಕಾ ಅಂತಲೇ ಕರೆಯುತ್ತಿದ್ದೆ. ಸಂಬಂಧಿಕರೇನೂ ಅಲ್ಲ. ನಾನು ಮದುವೆಯಾಗಿ ಬಸವಕಲ್ಯಾಣದ ಆ ಓಣಿಗೆ ಬಂದಾಗ ಮೊದಲು ಮಾತಾಡಿಸಿದವರು ಅವರು ಮತ್ತು ಅವರ ಹೆಂಡತಿ ಕಾಕು. ಕಾಕಾ ಡೆಂಟಿಂಗ್ ಕೆಲಸದವರು. ಹುಮನಾಬಾದಿನಲ್ಲಿ ಹೈವೇ ಪಕ್ಕಕ್ಕೆ ಅವರದೊಂದು ಸಣ್ಣ ಅಂಗಡಿ. ದಿನಾ ಬೆಳಿಗ್ಗೆ ಬಸ್ಸಿಗೆ ಹೋಗಿ, ಗುದ್ದಿಸಿಕೊಂಡು ಬಂದ ಗಾಡಿಗಳ ತಗಡನ್ನು ಬಡಿದು ಸರಿಮಾಡಿ, ಸಂಜೆ ತಿರುಗಿ ಬರುತ್ತಿದ್ದರು. ಸುತ್ತಿಗೆಯ ಸದ್ದಿಗೆ ಕಿವಿ ಸ್ವಲ್ಪ ಮಂದವಾಗಿತ್ತು. ಮಾತು ಕಡಿಮೆ. ಒಮ್ಮೆ ಮಾತು ಕೊಟ್ಟರೆ ಮಾತ್ರ ಮುಗಿಯಿತು, ತಪ್ಪುತ್ತಿರಲಿಲ್ಲ.

ಒಂದು ದಿನ ಮಧ್ಯಾಹ್ನ ಮನ್ನಾಏಖೇಳ್ಳಿ ಕಡೆಯಿಂದ ಒಂದು ಪರದೇಶದ ರೇಸ್ ಕಾರು ಬಂತು. ಹಳದಿ ಬಣ್ಣ, ಮೊಣಕಾಲೆತ್ತರದ ಮೂತಿ, ನೆಲಕ್ಕೆ ಅಂಟಿಕೊಂಡಂತೆ ಓಡುವ ಗಾಡಿ. ಅದು ಕಾಕಾನ ಅಂಗಡಿಗೆ ಕೂಗಳತೆ ದೂರದಲ್ಲಿ ರಸ್ತೆ ಬಿಟ್ಟು ಹಾರಿ, ತೊಗರಿ ಹೊಲದಲ್ಲಿ ಮಗುಚಿಬಿತ್ತು. ಕಬ್ಬಿಣದ ಸಲಾಕಿ ಹಿಡಿದು ಮೊದಲು ಓಡಿದವರು ಕಾಕಾ. ಬಾಗಿಲು ಮೀಟಿ ತೆಗೆದರೂ ಓಡಿಸುತ್ತಿದ್ದವನ ಕಾಲು ಬಿಡಿಸಲು ಆಗಲಿಲ್ಲ. ಆಂಬುಲೆನ್ಸ್ ಬರುವವರೆಗೆ ಕಾಕಾ ಅವನ ತಲೆಯನ್ನು ತಮ್ಮ ಕೈಯಲ್ಲಿ ಹಿಡಿದು ಕೂತಿದ್ದರಂತೆ. ಹೈದರಾಬಾದಿನ ಕಡೆಯವನು, ಮೂವತ್ತರ ಒಳಗಿನ ವಯಸ್ಸು.

ಇದನ್ನು ಕಾಕಾ ನನಗೆ ಒಂದೇ ಸಲ ಹೇಳಿದ್ದು, ಅದೂ ಬಹಳ ದಿನಗಳ ಮೇಲೆ.

"ಅಂವ ತನ್ನ ಕಾಲಿನ ಸುದ್ದಿ ಕೇಳಲಿಲ್ಲವ್ವ. 'ಚಾಚಾ, ಗಾಡಿ ಹ್ಯಾಂಗದ?' ಅಂದ. ನಾ ಏನಂತ ಹೇಳ್ಲಿ? 'ಏನೂ ಆಗಿಲ್ಲ ಬೇಟಾ, ನಾ ಮಾಡಿಕೊಡ್ತೀನಿ' ಅಂದೆ. ಆಮ್ಯಾಲ ಅಂವ ಮಾತಾಡ್ಲಿಲ್ಲ."

ಮುರಿದ ಗಾಡಿಯನ್ನು ನಾಲ್ಕು ದಿನ ಕಾಕಾನ ಅಂಗಡಿಯ ಹಿಂದಿನ ಬಯಲಲ್ಲೇ ಇಟ್ಟಿದ್ದರು. ಆ ನಾಲ್ಕು ದಿನ ಕಾಕಾ ಬೇರೆ ಯಾವ ಕೆಲಸಕ್ಕೂ ಕೈ ಹಚ್ಚಲಿಲ್ಲ. ಅದರ ಸುತ್ತ ತಿರುಗಿದರು, ಅಂಗೈಯಿಂದ ಸವರಿದರು. ಐದನೇ ದಿನ ದೊಡ್ಡ ಲಾರಿ ಬಂದು ಅದನ್ನು ಹೊತ್ತುಕೊಂಡು ಹೋಯಿತು. ಅದಾದ ಒಂದು ತಿಂಗಳಿಗೆ ಕಾಕಾ ತಮ್ಮ ಮನೆಯ ಅಂಗಳದಲ್ಲಿ, ಚಪ್ಪರದ ಕೆಳಗೆ ಚೌಕ ಪೈಪುಗಳನ್ನು ತಂದು ಹಾಕಿ ಬೆಸುಗೆ ಶುರುಮಾಡಿದರು. ಅಂದಿನಿಂದ ಮಧ್ಯಾಹ್ನಕ್ಕೇ ಅಂಗಡಿ ಮುಚ್ಚಿ ಬರುತ್ತಿದ್ದರು.

ಓಣಿಯವರು ಮೊದಲು ನಕ್ಕರು. ಹಳೆಯ ವ್ಯಾನೊಂದರ ಎಂಜಿನ್ ತಂದು ಸೀಟಿನ ಹಿಂದೆ ಕೂರಿಸಿದಾಗ, "ಉಲ್ಟಾ ಗಾಡಿ ಮಾಡಾಕತ್ತಾರ" ಅಂದರು. ಆದರೆ ತಗಡು ಮೇಲೇರತೊಡಗಿದಂತೆ ನಗು ನಿಂತಿತು. ಕಾಕಾನ ಹತ್ತಿರ ನಕ್ಷೆ ಇರಲಿಲ್ಲ, ಫೋಟೊ ಇರಲಿಲ್ಲ. ನೋಡಿದ್ದು ಚಪ್ಪಟೆಯಾದ ಗಾಡಿಯನ್ನು. ಪೂರ್ತಿ ಗಾಡಿಯ ಆಕಾರ ಹೇಗೆ ತಿಳಿಯಿತು ಅಂತ ನಾನೇ ಕೇಳಿದ್ದೆ.

"ನೆಗ್ಗಿದ ತಗಡು ಮುಟ್ಟಿದ್ರ ಅದು ಮೊದಲ ಹ್ಯಾಂಗಿತ್ತಂತ ಕೈಗೆ ತಿಳಿತದ," ಅಂದರು. "ಜನ್ಮ ಎಲ್ಲಾ ಅದೇ ಮಾಡೀನಿ."

ನಾನು ಟೇಲರಿಂಗ್ ಮಾಡುತ್ತೇನೆ. ಜಂಪರು, ಶಾಲೆ ಯೂನಿಫಾರ್ಮು, ಅಂಥದ್ದು. ಗಾಡಿಯ ಸೀಟು ಹೊಲಿದುಕೊಡು ಅಂತ ಕಾಕಾ ಕೇಳಿದಾಗ ಬರುವುದಿಲ್ಲ ಅಂದೆ. ಅವರೇ ದಪ್ಪ ಸೂಜಿ, ನೈಲಾನ್ ದಾರ ತಂದುಕೊಟ್ಟರು. ನಾಲ್ಕು ಸಲ ಬಿಚ್ಚಿ ಐದನೇ ಸಲ ಸರಿಯಾಗಿ ಕೂತಿತು. ಗಾಡಿಯೊಳಗೆ ಮೊದಲ ಸಲ ಸೀಟು ಹೊಂದಿಸಿದ ದಿನ ಕಾಕಾ ಅದನ್ನು ಸ್ವಲ್ಪ ಹೊತ್ತು ನೋಡಿ ಹೇಳಿದರು:

"ಸೀಟು ಇನ್ನಾ ಎರಡು ಬೆರಳು ಹಿಂದ ಬೇಕಂತ."

ಬೇಕು ಅನ್ನಲಿಲ್ಲ. ಬೇಕಂತ ಅಂದರು. ಯಾರೋ ಗಿರಾಕಿ ಮಾಡಿಸುತ್ತಿದ್ದಾರೆ ಅಂದುಕೊಂಡು ನಾನು ಸುಮ್ಮನಾದೆ. ಎರಡು ದಿನ ಬಿಟ್ಟು, "ಸ್ಟೇರಿಂಗ್ ಜರಾ ತೆಳ್ಳಗ ಬೇಕಂತ" ಅಂದರು. ಇನ್ನೊಂದು ದಿನ, "ಬಾಗಿಲು ಹಾಕಿದ್ರ ಸಪ್ಪಳ ಭಾಳ ಆಗ್ತದಂತ."

"ಯಾರಂತಾರ ಕಾಕಾ?" ಅಂದೆ.

ಕಾಕಾ ಬಗ್ಗಿ ಬಾಗಿಲಿನ ಕೀಲುಗಳಿಗೆ ಎಣ್ಣೆ ಬಿಡತೊಡಗಿದರು. ಕೇಳಿಸಲಿಲ್ಲವೋ ಏನೋ ಅಂದುಕೊಂಡೆ... ಆದರೆ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದ ಕಾಕು ಕೈ ನಿಲ್ಲಿಸಿ ನನ್ನನ್ನು ನೋಡಿದ ರೀತಿ ನನಗೆ ಇನ್ನೂ ನೆನಪಿದೆ.

ಅದೇ ಹೊತ್ತಿಗೆ ಡ್ರೈವರ್ ಸೀಟು ಕುಸಿಯತೊಡಗಿತು. ಮೊದಲು ಸ್ಪಂಜೇ ಕೆಟ್ಟದ್ದು ಅಂದುಕೊಂಡೆ. ಬೇರೆ ಗಟ್ಟಿ ಸ್ಪಂಜು ತರಿಸಿ, ಹೊಲಿಗೆ ಬಿಚ್ಚಿ ತುಂಬಿದೆ. ಎಂಟು ದಿನಕ್ಕೆ ಮತ್ತೆ ತಗ್ಗು. ಎರಡು ತೊಡೆಗಳ ಅಗಲ, ಬೆನ್ನಿಗೆ ಎರಡು ಭುಜಗಳ ಗುರುತು. ಆ ಸೀಟಿನಲ್ಲಿ ಕಾಕಾ ಒಂದು ದಿನವೂ ಕೂತವರಲ್ಲ, ಕೂತರೆ ಪಕ್ಕದ ಸೀಟಿನಲ್ಲಿ. ಬೇರೆಯವರನ್ನು ಕೂರಗೊಡುತ್ತಲೂ ಇರಲಿಲ್ಲ. ಬೆಕ್ಕೇನಾದರೂ ಮಲಗುತ್ತದೆಯೇ ಅಂತ ಕಾಕುವನ್ನು ಕೇಳಿದೆ. "ಈ ಗಾಡಿ ಬಂದಾಗಿಂದ ಬೆಕ್ಕು ನಮ್ಮ ಅಂಗಳಕ್ಕ ಬರಾಂಗಿಲ್ಲವ್ವ" ಅಂದರು.

ಒಂದು ದಿನ ಮಟಮಟ ಮಧ್ಯಾಹ್ನ, ನಾನು ಪಕ್ಕದ ಸೀಟಿನಲ್ಲಿ ಕೂತು ಬಾಗಿಲಿನ ಒಳಮೈಗೆ ರೆಗ್ಜಿನ್ ಹೊಂದಿಸುತ್ತಿದ್ದೆ. ಕತ್ತರಿಯನ್ನು ಡ್ರೈವರ್ ಸೀಟಿನ ಮೇಲೆ ಇಟ್ಟಿದ್ದೆ. ಒಳಗೆ ಹೋಗಿದ್ದ ಕಾಕಾ ಊಟದ ಕೈಯಲ್ಲೇ ಹೊರಗೆ ಬಂದರು.

"ಅಲ್ಲಿ ಕತ್ತರಿ ಇಡಬ್ಯಾಡವ್ವ," ಅಂದರು. "ಚುಚ್ಚಾಕತ್ತದಂತ."

ಒಳಗೆ ಊಟ ಮಾಡುತ್ತಿದ್ದವರಿಗೆ ನನ್ನ ಕತ್ತರಿ ಕಾಣುವಂತಿರಲಿಲ್ಲ. ನಾನು ಅದನ್ನು ತೆಗೆದುಕೊಳ್ಳಲು ಕೈ ಚಾಚಿದೆ. ನೆರಳಲ್ಲಿದ್ದ ಸೀಟು. ರೆಗ್ಜಿನ್ ಬೆಚ್ಚಗಿತ್ತು... ಬಸ್ಸಿನಲ್ಲಿ ಯಾರೋ ಎದ್ದ ಕೂಡಲೇ ನಾವು ಕೂತರೆ ಇರುತ್ತದಲ್ಲ, ಆ ಬೆಚ್ಚಗೆ.

ಆಮೇಲೆ ನಾಲ್ಕೈದು ದಿನ ನಾನು ಅತ್ತ ಹೋಗಲಿಲ್ಲ. ಕೊನೆಗೆ ಕಾಕಾನೇ ನಮ್ಮ ಕಟ್ಟೆಗೆ ಬಂದು ಕೂತರು. ಆ ಅಪಘಾತದ ಕಥೆ ಹೇಳಿದ್ದು ಆಗಲೇ. "ಹೆದರಬ್ಯಾಡವ್ವ. ಅಂವಾ ಕೆಟ್ಟಾಂವ ಅಲ್ಲ. ಗಾಡಿ ಸಲುವಾಗಿ ಕಾಯಾಕತ್ತಾನ, ಅಷ್ಟ," ಅಂದರು. ನಾನು ಮತ್ತೆ ಹೋದೆ. ಯಾಕೆ ಹೋದೆ ಅಂತ ಕೇಳಿದರೆ ಹೇಳಲು ಬರುವುದಿಲ್ಲ. ಕಾಕಾ ಒಬ್ಬರೇ ಅಷ್ಟು ದೂರ ಬಂದುಬಿಟ್ಟಿದ್ದರು, ಬಿಟ್ಟುಬಿಡಲು ಮನಸ್ಸಾಗಲಿಲ್ಲ.

ಎರಡು ವರ್ಷದ ಹತ್ತಿರ ಹತ್ತಿರ ಹಿಡಿಯಿತು. ಹಳದಿ ಬಣ್ಣ ಬಿದ್ದ ದಿನ ಓಣಿಯ ತುಂಬ ಜನ. ಯಾರೋ ಮೊಬೈಲಿನಲ್ಲಿ ವಿಡಿಯೊ ಮಾಡಿದರು. ಅದು ಕೈಯಿಂದ ಕೈಗೆ ಹೋಗಿ ಹೈದರಾಬಾದನ್ನೂ ಮುಟ್ಟಿತು. ಹದಿನೈದು ದಿನಕ್ಕೆ ಸತ್ತವನ ತಾಯಿ ಬಂದರು.

ಒಬ್ಬರೇ ಬಂದಿದ್ದರು. ತವರು ಬೀದರ್ ಆದ್ದರಿಂದ ನಮ್ಮ ಹಾಗೆಯೇ ಮಾತಾಡುತ್ತಿದ್ದರು. ಗಾಡಿಯನ್ನು ಒಂದು ಸುತ್ತು ನೋಡಿ, ಡ್ರೈವರ್ ಕಡೆಯ ಬಾಗಿಲು ತೆಗೆದು ಬಗ್ಗಿದರು. ಸೀಟಿನ ತಗ್ಗಿನಲ್ಲಿ ಅಂಗೈ ಇಟ್ಟರು.

"ಸೀಟು ಇಷ್ಟು ಹಿಂದ ಇಡಂತ ನಿಮಗ ಯಾರು ಹೇಳಿದ್ರು?" ಅಂದರು. "ಅವನ ಕಾಲು ಉದ್ದ. ಅಂವ ಓಡಿಸಿದ ಮ್ಯಾಲ ನನಗ ಬ್ರೇಕು ನಿಲುಕ್ತಿದ್ದಿಲ್ಲ."

ಕಾಕಾ ತಲೆ ತಗ್ಗಿಸಿ, ಅವನಿಗೆ ಕೊಟ್ಟ ಮಾತನ್ನೂ ಅವನು ಗಾಡಿಗಾಗಿ ಕಾಯುತ್ತಿರುವುದನ್ನೂ ಹೇಳಿದರು. ಆಕೆಗೆ ಅದೇ ಉತ್ತರವಾಯಿತು. ಅಳಲಿಲ್ಲ. ಸ್ಟೇರಿಂಗಿನಲ್ಲಿ ತೂಗುತ್ತಿದ್ದ ನನ್ನ ಸೂಜಿ ಆಕೆಯ ಕಣ್ಣಿಗೆ ಬಿತ್ತು. ಸ್ಟೇರಿಂಗಿಗೆ ಕರಿ ಚರ್ಮದ ಕವರು ಹೊಲಿಯುತ್ತಿದ್ದೆ. ಅರ್ಧಕ್ಕಿಂತ ಹೆಚ್ಚು ಆಗಿತ್ತು.

"ಇಷ್ಟ ಉಳದದೇನ್ರಿ?"

"ಹೌದ್ರಿ ಅವ್ವ," ಅಂದರು ಕಾಕಾ. "ಇದಾದ್ರ ಪೂರಾ ಆತು."

"ಹಂಗಾದ್ರ ಇದು ಹಿಂಗೇ ಇರ್ಲಿ. ಪೂರಾ ಮಾಡಬ್ಯಾಡ್ರಿ. ಪೂರಾ ಆದ್ರ ಅಂವ ಹೋಗ್ತಾನ. ಇಲ್ಲಿ ಕುಂತಾನಂತ ಗೊತ್ತಾದ್ರ ನನಗ ಅಷ್ಟ ಸಾಕು."

ಕಾಕಾನ ಮುಖ ನೋಡಲಾಗಲಿಲ್ಲ. ಮಗನಿಗೆ ಮಾಡಿಕೊಡುತ್ತೇನೆ ಅಂದಿದ್ದರು. ಈಗ ತಾಯಿ ಮಾಡಬೇಡಿ ಅನ್ನುತ್ತಿದ್ದಾರೆ. ಕೊನೆಗೆ ಆಕೆಯ ಕೈಮೇಲೆ ಕೈಯಿಟ್ಟು, "ಆಗ್ಲಿ ಅವ್ವ, ಸೂಜಿ ಮುಟ್ಟಾಂಗಿಲ್ಲ," ಅಂದರು.

ಆಮೇಲೆ ಕಾಕಾ ಸೊರಗತೊಡಗಿದರು. ಅಂಗಡಿಗೆ ಹೋಗುವುದು ವಾರದಲ್ಲಿ ಎರಡು ದಿನಕ್ಕೆ ಬಂತು. ಉಳಿದ ದಿನ ಪಕ್ಕದ ಸೀಟಿನಲ್ಲಿ ಕೂತಿರುತ್ತಿದ್ದರು. ತುಟಿ ಅಲುಗುತ್ತಿತ್ತು. ಡ್ರೈವರ್ ಸೀಟಿನ ತಗ್ಗು ಎಷ್ಟು ಆಳವಾಯಿತೆಂದರೆ ರೆಗ್ಜಿನ್ ಮೇಲೆ ಬಿರುಕು ಮೂಡಿತು. ಒಂದು ದಿನ ಕಾಕು ನಮ್ಮ ಮನೆಗೆ ಬಂದು, ಮಶೀನಿನ ಪಕ್ಕ ನೆಲದ ಮೇಲೇ ಕೂತರು.

"ಉಣ್ಣಾಕ ಕುಂತ್ರ ಅರ್ಧಕ್ಕ ಎದ್ದು ಹೋಗ್ತಾರ. 'ಕರ್ಯಾಕತ್ತಾನ' ಅಂತಾರ. 'ಯಾವಾಗ ಅಂತ ಕೇಳ್ತಾನ, ನಾ ಏನು ಹೇಳ್ಲಿ' ಅಂತ ಅಳ್ತಾರ. ನೀ ಆ ಹೊಲಿಗಿ ಮುಗಿಸವ್ವ. ಅವರು ಮಾತು ಕೊಟ್ಟಾರ, ನೀ ಕೊಟ್ಟಿಲ್ಲ."

ಕಾಕಾ ಹುಮನಾಬಾದಿಗೆ ಹೋಗಿದ್ದ ದಿನ ಮಧ್ಯಾಹ್ನ ನಾನು ಹೋದೆ. ಹತ್ತೊಂಬತ್ತು ತೂತು ಉಳಿದಿದ್ದವು. ಪಕ್ಕದ ಸೀಟಿನಲ್ಲಿ ಕೂತು, ಎಡಕ್ಕೂ ಬಲಕ್ಕೂ ನೋಡದೆ ಹೊಲಿದೆ. ಕಾಕು ಹೊಸ್ತಿಲ ಮೇಲೆ ಕೂತಿದ್ದರು. ಪಕ್ಕದಲ್ಲಿ ಯಾರೋ ಉಸಿರು ಬಿಗಿಹಿಡಿದು ನನ್ನ ಕೈಯನ್ನೇ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು... ಕೊನೆಯ ಗಂಟು ಹಾಕಿ ದಾರವನ್ನು ಹಲ್ಲಿನಿಂದ ಕಡಿದೆ.

ಏನೂ ಆಗಲಿಲ್ಲ. ಎಂಜಿನ್ ತಿರುಗಲಿಲ್ಲ, ಬಾಗಿಲು ತೆರೆಯಲಿಲ್ಲ. ಆಟೋದಿಂದ ಒಬ್ಬರು ಇಳಿದರೆ ಆಟೋ ಸ್ವಲ್ಪ ಮೇಲೇಳುತ್ತದಲ್ಲ, ಅಷ್ಟೇ ಅಷ್ಟು ಗಾಡಿ ಮೇಲೆದ್ದಿತು. ನಾನು ಕೂತ ಕಡೆ ಅಲ್ಲ. ಆ ಕಡೆ.

"ಆತೇನು?" ಅಂದರು ಕಾಕು.

"ಆತ್ರಿ," ಅಂದೆ.

ಸಂಜೆಗೆ ಮುಂಚೆಯೇ ಕಾಕಾ ಬಂದರು. ಗೇಟಿನಲ್ಲೇ ನಿಂತು ಗಾಡಿಯನ್ನು ನೋಡಿದರು. ಚೀಲ ಕೆಳಗಿಟ್ಟು, ಬಾಗಿಲು ತೆಗೆದು ಡ್ರೈವರ್ ಸೀಟನ್ನು ಅಂಗೈಯಿಂದ ಒತ್ತಿದರು. ತಗ್ಗು ಇರಲಿಲ್ಲ. ಬಿರುಕು ಬಿಟ್ಟ ರೆಗ್ಜಿನ್ ಕೆಳಗೆ ಸ್ಪಂಜು ಹೊಸದರ ಹಾಗೆ ಉಬ್ಬಿ ನಿಂತಿತ್ತು.

"ಹೋದ," ಅಂದರು. ಅಲ್ಲೇ ನೆಲದ ಮೇಲೆ ಕೂತರು.

ಯಾರು ಹೊಲಿದರು ಅಂತ ಕೇಳಲಿಲ್ಲ. ಆ ತಾಯಿಗೆ ತಾವೇ ಹೇಳಬೇಕು ಅಂದು ಫೋನು ಹಚ್ಚಿದರು. ಕಿವಿ ಮಂದವಾದ್ದರಿಂದ ಸ್ಪೀಕರಿನಲ್ಲೇ ಮಾತಾಡುತ್ತಿದ್ದರು, ನಮಗೂ ಎಲ್ಲ ಕೇಳಿಸುತ್ತಿತ್ತು. ವಿಷಯ ಹೇಳಿದರು. ತಪ್ಪಾಯಿತು ಅಂದರು. ಆ ಕಡೆಯಿಂದ ಸಣ್ಣ ದನಿ ಬಂತು.

"ನಿಧಾನ ಹೋದನೇನ್ರಿ?"

ಕಾಕಾ ನನ್ನನ್ನು ನೋಡಿದರು. ಅಲ್ಲಿದ್ದವಳು ನಾನು ಅಂತ ಅವರಿಗೆ ಆಗಲೇ ಗೊತ್ತಾಗಿತ್ತು. ನಾನು ಹೌದು ಅಂತ ತಲೆಯಾಡಿಸಿದೆ.

"ನಿಧಾನ ಹೋದ್ರಿ ಅವ್ವ," ಅಂದರು ಕಾಕಾ. "ಭಾಳ ನಿಧಾನ ಹೋದ. ಹಾರ್ನ್ ಸುದ್ದಾ ಹೊಡಿಲಿಲ್ಲ."

ತಿಂಗಳೊಳಗೆ ಆಕೆ ಲಾರಿ ಕಳಿಸಿ ಗಾಡಿಯನ್ನು ಒಯ್ದರು. ಅದು ಹೋದ ಮೇಲೆ ಕಾಕಾ ಸುಧಾರಿಸಿಯಾರು ಅಂದುಕೊಂಡಿದ್ದೆವು ಕಾಕು ಮತ್ತು ನಾನು. ಹಾಗಾಗಲಿಲ್ಲ. ಊಟಕ್ಕೆ ಕೂತರೆ ಈಗ ಪೂರ್ತಿ ಉಣ್ಣುತ್ತಿದ್ದರು, ಆದರೆ ನಡುನಡುವೆ ಬಾಗಿಲ ಕಡೆ ಕಿವಿಗೊಟ್ಟು ಕೂತುಬಿಡುತ್ತಿದ್ದರು. ಎರಡು ವರ್ಷ ಜೊತೆಗೆ ಮಾತಾಡಿದ ಒಬ್ಬನನ್ನು ಅವರಿಂದ ಕಿತ್ತುಕೊಂಡೆನೇನೋ ಅಂತ ನನಗೆ ಆಗ ಹೊಳೆಯಿತು. ಮಳೆಗಾಲದಲ್ಲಿ ಹಾಸಿಗೆ ಹಿಡಿದರು. ನೋಡಲು ಹೋದಾಗ ನನ್ನ ಬೆರಳುಗಳನ್ನು ಹಿಡಿದುಕೊಂಡರು.

"ಹೊಲಿಗಿ ಛಲೋ ಬಿದ್ದದವ್ವ. ಕಡೀವು ಜರಾ ಬಿಗಿ ಆಗ್ಯಾವ, ಅಷ್ಟ."

'ತಪ್ಪಾಯಿತು, ಕಾಕಾ' ಅನ್ನಬೇಕಿತ್ತು. ಬಾಯಿವರೆಗೆ ಬಂತು... ಅನ್ನಲಿಲ್ಲ. ಹತ್ತು ದಿನಕ್ಕೆ ಅವರು ಹೋದರು.

ಕಾಕು ಈಗ ಮಂಠಾಳದಲ್ಲಿ ತಂಗಿಯ ಮನೆಯಲ್ಲಿದ್ದಾರೆ. ಎದುರುಮನೆಯಲ್ಲಿ ಬಾಡಿಗೆಗೆ ಬಂದವರು ಆ ಚಪ್ಪರದ ಕೆಳಗೆ ಹಿಟ್ಟಿನ ಗಿರಣಿ ಹಾಕಿದ್ದಾರೆ. ಜೋಳ ಬೀಸಿಸಲು ನಾನು ಅಲ್ಲಿಗೇ ಹೋಗುತ್ತೇನೆ. ಗಿರಣಿಯ ಸದ್ದಿನಲ್ಲಿ ಯಾರು ಏನು ಅಂದರೂ ಯಾರಿಗೂ ಕೇಳಿಸುವುದಿಲ್ಲ. ಡಬ್ಬಿ ತುಂಬುವವರೆಗೆ ನಿಂತು, ಕಾಕಾ ಇದ್ದಾಗ ಅನ್ನದೆ ಉಳಿಸಿಕೊಂಡ ಆ ಎರಡು ಮಾತನ್ನು ಅಲ್ಲಿ ಅಂದು ಬರುತ್ತೇನೆ.